ಮಳೆಗೆ ನಿಲ್ಲುವ ಬೋರ್ಡಿಗೆ ಬೆಸುಗೆ: ಪೈನ್‌ಸಿಲ್ ವಿ2 ಬಳಸಿ ನೋಡಿದ ಮೇಲೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಆಮೇಲೆ ಕಥೆ. ಮನೆಯಲ್ಲೇ ವೆದರ್ ಸ್ಟೇಷನ್ ಕಟ್ಟಬೇಕು ಅಂತಿರುವವರಿಗೆ ಪೈನ್‌ಸಿಲ್ ವಿ2 ಸೋಲ್ಡರಿಂಗ್ ಐರನ್ ತುಂಬಾ ಒಳ್ಳೆಯ ಆಯ್ಕೆ. ಆದರೆ ಜೊತೆಗೆ ಅಗಲ ತುದಿಯ ಟಿಪ್ ಒಂದನ್ನು ತರಿಸಿಕೊಳ್ಳಿ. ಸರಿಯಾದ ಚಾರ್ಜರ್ ನಿಮ್ಮ ಹತ್ತಿರ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಇವೆರಡೂ ಇಲ್ಲದಿದ್ದರೆ ಈ ಐರನ್ನಿನ ಅರ್ಧ ಗುಣ ನಿಮಗೆ ಕಾಣುವುದೇ ಇಲ್ಲ.

ಇದನ್ನು ಯಾಕೆ ಕೊಂಡೆ ಅಂತ ಹೇಳಿದರೆ ವಿಷಯ ಬೇಗ ಅರ್ಥವಾಗುತ್ತದೆ.

ನನ್ನ ವೆದರ್ ಸ್ಟೇಷನ್ನಿನ ಮೊದಲ ಸರ್ಕ್ಯೂಟ್ ಬೋರ್ಡನ್ನು ಹಳೆಯ ಐರನ್ನಿನಲ್ಲಿ ಬೆಸೆದಿದ್ದೆ. ಪ್ಲಗ್ ಹಾಕಿದರೆ ಕಾಯುತ್ತಾ ಹೋಗುವ, ಶಾಖ ಎಷ್ಟು ಅಂತ ತೋರಿಸದ, ಚೂಪು ತುದಿಯ ಸಾದಾ ಐರನ್ ಅದು. ಮೇಜಿನ ಮೇಲೆ ಬೋರ್ಡ್ ಚೆನ್ನಾಗಿಯೇ ಕೆಲಸ ಮಾಡಿತು. ಎರಡು ದಿನ ಓಡಿಸಿ ನೋಡಿದೆ, ಎಲ್ಲ ಸರಿ. ಡಬ್ಬಕ್ಕೆ ಹಾಕಿ ಕಂಬಕ್ಕೆ ಕಟ್ಟಿದೆ. ಕೆಲವು ವಾರ ಕಳೆದ ಮೇಲೆ ವಿಚಿತ್ರ ಶುರುವಾಯಿತು. ಬೆಳಗಿನ ಜಾವ ಮಳೆ ಬಿದ್ದರೆ ಲೆಕ್ಕವೇ ಇಲ್ಲ, ಮಧ್ಯಾಹ್ನ ಬಿದ್ದರೆ ಸರಿಯಾದ ಲೆಕ್ಕ. ಅದೇ ಬೆಳಗಿನ ಹೊತ್ತಿನಲ್ಲಿ ಮಣ್ಣಿನ ಉಷ್ಣತೆ ಅಳೆಯುವ ಡಿಎಸ್18ಬಿ20 ಸೆನ್ಸರ್ ಮೈನಸ್ 127 ಡಿಗ್ರಿ ತೋರಿಸುತ್ತಿತ್ತು.

ಮೈನಸ್ 127 ಅನ್ನುವುದು ಚಳಿಯಲ್ಲ. ಆ ಸೆನ್ಸರ್‌ಗೆ ಸಾಮಾನ್ಯವಾಗಿ ಬಳಸುವ ಆರ್ಡುಯಿನೊ ಲೈಬ್ರರಿ, ಸೆನ್ಸರ್ ಕೈಗೆ ಸಿಗಲಿಲ್ಲ ಅಂತ ಹೇಳುವ ರೀತಿ ಅದು. 85 ಡಿಗ್ರಿ ತೋರಿಸಿದರೆ ಬೇರೆ ಅರ್ಥ. ಸೆನ್ಸರ್ ಆಗ ತಾನೇ ಕರೆಂಟ್ ಕಂಡು ಎದ್ದಿದೆ, ಇನ್ನೂ ಅಳತೆ ಮುಗಿಸಿಲ್ಲ ಅಂತ. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಹುಡುಕಾಟದಲ್ಲಿ ಬಹಳ ಸಮಯ ಉಳಿಯುತ್ತದೆ.

ನಾನು ಮೊದಲು ಕೋಡ್ ನೋಡಿದೆ. ಆಮೇಲೆ ಸೆನ್ಸರ್ ಬದಲಿಸಿದೆ. ಆಮೇಲೆ 4.7 ಕಿಲೋ ಓಮ್ ಪುಲ್‌ಅಪ್ ರೆಸಿಸ್ಟರ್ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಹೊಳೆಯಿತು, ಮಳೆ ಮಾಪಕ ಮತ್ತು ಈ ಸೆನ್ಸರ್ ಎರಡೂ ಒಟ್ಟಿಗೇ ಕೈಕೊಡುತ್ತಿವೆ ಅಂದರೆ ಎರಡಕ್ಕೂ ಸಾಮಾನ್ಯವಾದದ್ದು ಯಾವುದು? ಕನೆಕ್ಟರಿನ ಒಂದೇ ಒಂದು ಗ್ರೌಂಡ್ ಪಿನ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಭೂತಗನ್ನಡಿ ಹಿಡಿದು ನೋಡಿದರೆ ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದಂಥ ಬಿರುಕು. ಸೀಸ (ಬೆಸೆಯಲು ಕರಗಿಸುವ ಲೋಹವನ್ನು ಹೀಗೇ ಕರೆಯುತ್ತೇನೆ) ಪಿನ್ನಿಗೆ ಅಂಟಿತ್ತು, ಆದರೆ ಕೆಳಗಿನ ತಾಮ್ರಕ್ಕೆ ಹಿಡಿದೇ ಇರಲಿಲ್ಲ, ಕೆಸುವಿನ ಎಲೆಯ ಮೇಲೆ ನೀರಿನ ಹನಿ ಕೂತ ಹಾಗೆ ಸುಮ್ನೆ ಕೂತಿತ್ತು. ಬೆಳಗಿನ ತಂಪಿಗೆ ಲೋಹ ಕುಗ್ಗಿದಾಗ ಸಂಪರ್ಕ ಬಿಡುತ್ತಿತ್ತು, ಬಿಸಿಲೇರಿ ಹಿಗ್ಗಿದಾಗ ಮತ್ತೆ ಕೂಡಿಕೊಳ್ಳುತ್ತಿತ್ತು.

ಒಳಗೆ ಮೇಜಿನ ಮೇಲೆ ಇರುವ ಬೋರ್ಡಿನಲ್ಲಿ ಇಂಥ ಬೆಸುಗೆ ವರ್ಷಗಟ್ಟಲೆ ಗೊತ್ತೇ ಆಗದೆ ನಡೆಯಬಹುದು. ಹೊರಗೆ ಹಾಗಲ್ಲ. ಪ್ರತಿ ದಿನ ಬಿಸಿಲು, ಪ್ರತಿ ರಾತ್ರಿ ತಂಪು, ಮಧ್ಯೆ ತೇವ, ಗಾಳಿಗೆ ಅಲುಗಾಡುವ ಕಂಬ. ಎಲ್ಲೆಲ್ಲಿ ನಿಮ್ಮ ಬೆಸುಗೆ ಅರ್ಧಂಬರ್ಧ ಇದೆಯೋ ಅದನ್ನು ಹವಾಮಾನವೇ ಹುಡುಕಿ ತೆಗೆಯುತ್ತದೆ. ಹಾಗಾಗಿ ವೆದರ್ ಸ್ಟೇಷನ್ನಿಗೆ ಐರನ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಗ್ರೌಂಡ್ ಪಿನ್ನನ್ನು ಇದು ಪೂರ್ತಿ ಬಿಸಿ ಮಾಡುತ್ತದಾ?

ಗ್ರೌಂಡ್ ಪಿನ್ನೇ ಯಾಕೆ ಅಂದರೆ, ಬೋರ್ಡಿನಲ್ಲಿ ಗ್ರೌಂಡ್ ಅನ್ನುವುದು ಒಂದು ಗೆರೆಯಲ್ಲ, ಪೂರಾ ತಾಮ್ರದ ಹಾಳೆ. ಆ ಪಿನ್ನಿಗೆ ಟಿಪ್ ಮುಟ್ಟಿಸಿದ ಕೂಡಲೇ ಶಾಖವೆಲ್ಲ ಆ ಹಾಳೆಗೆ ಹರಿದು ಹೋಗುತ್ತದೆ. ಬೋರ್ಡ್ ಡಿಸೈನ್ ಮಾಡುವಾಗ ಪ್ಯಾಡಿನ (ಪಿನ್ ಬೆಸೆಯುವ ತಾಮ್ರದ ಜಾಗದ) ಸುತ್ತ ಸ್ವಲ್ಪ ಜಾಗ ಬಿಟ್ಟು, ನಾಲ್ಕು ಸಣ್ಣ ಕಡ್ಡಿಗಳಿಂದ ಮಾತ್ರ ಹಾಳೆಗೆ ಜೋಡಿಸಿದರೆ ಶಾಖ ನಿಧಾನವಾಗಿ ಹರಿಯುತ್ತದೆ. ಥರ್ಮಲ್ ರಿಲೀಫ್ ಅಂತಾರೆ. ನನ್ನ ಮೊದಲ ಬೋರ್ಡಿನಲ್ಲಿ ಅದು ಇರಲಿಲ್ಲ. ಹಳೆಯ ಐರನ್ನಿನ ಚೂಪು ತುದಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೂ ಪಿನ್ ಮಾತ್ರ ಕಾಯುತ್ತಿತ್ತು, ಪ್ಯಾಡ್ ಕಾಯುತ್ತಿರಲಿಲ್ಲ. ಇನ್ನೂ ಒತ್ತಿ ಹಿಡಿದಾಗ ಪಕ್ಕದ ಸಣ್ಣ ಪ್ಯಾಡ್ ಒಂದು ಬೋರ್ಡಿನಿಂದ ಎದ್ದೇ ಬಂತು.

ಈಗ ಪೈನ್‌ಸಿಲ್ ಕಡೆಗೆ ಬರೋಣ. ಇದನ್ನು ಮಾಡುವವರು ಪೈನ್64. ಮೊದಲ ಆವೃತ್ತಿ ಬಂದದ್ದು 2020ರಲ್ಲಿ, ವಿ2 ಬಂದದ್ದು 2022ರಲ್ಲಿ. ನೋಡಲು ದಪ್ಪ ಪೆನ್ನಿನ ಹಾಗಿದೆ. ಹಿಂದೆ ಯುಎಸ್‌ಬಿ-ಸಿ ಕಿಂಡಿ, ಅದರ ಜೊತೆಗೇ ದುಂಡನೆಯ ಡಿಸಿ ಕಿಂಡಿ, ಮೇಲೆ ಚಿಕ್ಕ ಪರದೆ, ಎರಡು ಗುಂಡಿ. ಎರಡೂ ಕಿಂಡಿಗಳಿಗೆ ಒಟ್ಟಿಗೇ ಕರೆಂಟ್ ಕೊಡಬಾರದು, ಇದು ಬಹಳ ಮುಖ್ಯ. ಒಂದು ಸಲಕ್ಕೆ ಒಂದೇ.

ಇದರ ನಿಜವಾದ ಗುಣ ಇರುವುದು ಟಿಪ್ಪಿನಲ್ಲಿ. ಹಳೆಯ ಐರನ್ನುಗಳಲ್ಲಿ ಕಾಯುವ ಭಾಗ ಬೇರೆ, ಟಿಪ್ ಬೇರೆ. ಒಂದರಿಂದ ಇನ್ನೊಂದಕ್ಕೆ ಶಾಖ ದಾಟಿ ಬರಬೇಕು. ಇಲ್ಲಿ ಕಾಯುವ ಭಾಗವೂ ಶಾಖ ಅಳೆಯುವ ಭಾಗವೂ ಟಿಪ್ಪಿನ ಒಳಗೇ ಇವೆ. ತುದಿ ತಣ್ಣಗಾದ ಕೂಡಲೇ ಅದಕ್ಕೆ ಗೊತ್ತಾಗುತ್ತದೆ, ಕೂಡಲೇ ಹೆಚ್ಚು ಕರೆಂಟ್ ಕೊಡುತ್ತದೆ. ಗ್ರೌಂಡ್ ಪಿನ್ನಿಗೆ ಮುಟ್ಟಿಸಿದಾಗ ಪರದೆಯಲ್ಲಿ ಡಿಗ್ರಿ ಕೆಳಗಿಳಿದು ಮತ್ತೆ ಏರುವುದನ್ನು ನೋಡಬಹುದು. ನನಗಂತೂ ಇದು ದೊಡ್ಡ ಪಾಠವಾಯಿತು. ಯಾವ ಪ್ಯಾಡ್ ಎಷ್ಟು ಶಾಖ ಕುಡಿಯುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದಲ್ಲ.

ಹಳೆಯ ಬೋರ್ಡಿನಲ್ಲಿ ಹತ್ತು ಸೆಕೆಂಡಿಗೂ ಹಿಡಿಯದ ಅದೇ ಗ್ರೌಂಡ್ ಪಿನ್ ಇದರಲ್ಲಿ ಮೂರು ಸೆಕೆಂಡಿನೊಳಗೆ ಹಿಡಿಯಿತು. 340 ಡಿಗ್ರಿ ಇಟ್ಟಿದ್ದೆ, ಅಗಲ ಟಿಪ್ ಹಾಕಿದ್ದೆ. ಸೀಸ ಕರಗಿ, ತೂತಿನೊಳಗೆ ಇಳಿದು, ಬೋರ್ಡಿನ ಆ ಬದಿಯಲ್ಲೂ ಬಂದು ಹೊಳೆಯಿತು. ಬೋರ್ಡ್ ತಿರುಗಿಸಿ ಅದನ್ನು ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಚಾರ್ಜರ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಡಬ್ಬದಲ್ಲಿ ಚಾರ್ಜರ್ ಬರುವುದಿಲ್ಲ. ಫೋನಿನ ಯಾವುದೋ ಚಾರ್ಜರ್ ಚುಚ್ಚಿದರೆ ಸಾಕು ಅಂದುಕೊಳ್ಳಬೇಡಿ. ಲೆಕ್ಕ ಸುಲಭ ಇದೆ. ವಿ2 ಜೊತೆ ಬರುವ ಗಿಡ್ಡ ಟಿಪ್ಪಿನ ರೆಸಿಸ್ಟನ್ಸ್ ಸುಮಾರು 6.2 ಓಮ್. ವೋಲ್ಟೇಜಿನ ವರ್ಗವನ್ನು ಅದರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 5 ವೋಲ್ಟ್ ಕೊಟ್ಟರೆ 4 ವ್ಯಾಟ್, ಅದರಲ್ಲಿ ಏನೂ ಕರಗುವುದಿಲ್ಲ. 12 ವೋಲ್ಟಿಗೆ ಸುಮಾರು 23 ವ್ಯಾಟ್, ಸಣ್ಣಪುಟ್ಟ ಪಿನ್ನುಗಳಿಗೆ ನಡೆಯುತ್ತದೆ. 20 ವೋಲ್ಟಿಗೆ ಸುಮಾರು 64 ವ್ಯಾಟ್. ಗ್ರೌಂಡ್ ಹಾಳೆಯನ್ನು ಗೆಲ್ಲುವುದು ಇದು. ಅಂದರೆ ನಿಮಗೆ ಬೇಕಾದದ್ದು ಪವರ್ ಡೆಲಿವರಿ (ಸಾಧನ ಕೇಳಿದ ವೋಲ್ಟೇಜ್ ಕೊಡುವ ವ್ಯವಸ್ಥೆ) ಇರುವ, 20 ವೋಲ್ಟ್ ಕೊಡಬಲ್ಲ, 60-65 ವ್ಯಾಟಿನ ಯುಎಸ್‌ಬಿ-ಸಿ ಚಾರ್ಜರ್. ಲ್ಯಾಪ್‌ಟಾಪಿಗೆ ಬರುವಂಥದ್ದು. ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ 20 ವೋಲ್ಟ್ ಅಂತ ಬರೆದಿದೆಯಾ ನೋಡಿ. ಬರೀ 9 ವೋಲ್ಟಿಗೆ ನಿಂತಿದ್ದರೆ ಅದು ಈ ಕೆಲಸಕ್ಕಲ್ಲ. ಹಳೆಯ ಉದ್ದ ಟಿಪ್ಪುಗಳು ಸುಮಾರು 8 ಓಮ್, ಹಾಗಾಗಿ ಅದೇ 20 ವೋಲ್ಟಿಗೆ 50 ವ್ಯಾಟ್ ಮಾತ್ರ. ಟಿಎಸ್100 ಐರನ್ನಿನ ಟಿಪ್ಪುಗಳು ಇದಕ್ಕೂ ಕೂರುತ್ತವೆ, ಅದೊಂದು ದೊಡ್ಡ ಅನುಕೂಲ.

ಕೇಬಲ್ ಕೂಡ ಮೆತ್ತಗಿರಬೇಕು. ಸಿಲಿಕೋನ್ ಹೊದಿಕೆಯದ್ದು ತೆಗೆದುಕೊಳ್ಳಿ. ಗಟ್ಟಿ ಕೇಬಲ್ ಐರನ್ನನ್ನು ಕೈಯಲ್ಲೇ ತಿರುಚುತ್ತದೆ, ಅರ್ಧ ಗಂಟೆ ಕೆಲಸ ಮಾಡುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ. ಅಲ್ಲದೆ ಬಿಸಿ ತುದಿ ಸಾದಾ ಪ್ಲಾಸ್ಟಿಕ್ ಕೇಬಲಿಗೆ ತಗುಲಿದರೆ ಕರಗಿಹೋಗುತ್ತದೆ. ಸಿಲಿಕೋನ್ ತಡೆದುಕೊಳ್ಳುತ್ತದೆ.

ಜೊತೆಗೆ ಬರುವ ಟಿಪ್ ಬಿ2. ಅದು ಚೂಪು. ಚೂಪು ತುದಿ ಅಂದರೆ ನಿಖರ ಕೆಲಸ ಅಂತ ಹೊಸಬರಿಗೆ ಅನಿಸುತ್ತದೆ, ನನಗೂ ಹಾಗೇ ಅನಿಸಿತ್ತು. ನಿಜ ಏನೆಂದರೆ ಚೂಪು ತುದಿ ಪ್ಯಾಡಿಗೆ ಒಂದು ಚುಕ್ಕೆಯಷ್ಟೇ ಮುಟ್ಟುತ್ತದೆ, ಶಾಖ ದಾಟುವ ದಾರಿಯೇ ಕಿರಿದು. ಡಿ24 ಅನ್ನುವ 2.4 ಮಿಲಿಮೀಟರ್ ಅಗಲದ, ಉಳಿಯ ಬಾಯಿಯ ಹಾಗಿರುವ ಟಿಪ್ ತರಿಸಿ. ಅದರ ಅಂಚನ್ನು ಪಿನ್ನಿಗೂ ಪ್ಯಾಡಿಗೂ ಒಟ್ಟಿಗೇ ತಾಗಿಸಬಹುದು. ವೆದರ್ ಸ್ಟೇಷನ್ನಿನ ಹತ್ತರಲ್ಲಿ ಒಂಬತ್ತು ಬೆಸುಗೆ ನಾನು ಮಾಡಿದ್ದು ಅದರಲ್ಲೇ.

ಹತ್ತನೆಯದು ಇಎಸ್‌ಪಿ32 ಮಾಡ್ಯೂಲ್, ಅಂದರೆ ಕೋಡ್ ಓಡಿಸಿ ವೈಫೈಯಲ್ಲಿ ಅಳತೆ ಕಳಿಸುವ, ಸ್ಟೇಷನ್ನಿನ ಮಿದುಳು. ವ್ರೂಮ್-32 ಅಂತ ಬರುವ ಈ ಮಾಡ್ಯೂಲಿಗೆ ಮೂರು ಬದಿಯಲ್ಲಿ ಅರ್ಧ ಕತ್ತರಿಸಿದ ತೂತಿನಂಥ 38 ಪಿನ್ನುಗಳಿವೆ. ಒಂದಕ್ಕೂ ಇನ್ನೊಂದಕ್ಕೂ 1.27 ಮಿಲಿಮೀಟರ್ ಅಂತರ. ನೋಡಿದರೆ ಭಯವಾಗುತ್ತದೆ, ಆದರೆ ಓರೆಯಾಗಿ ಕತ್ತರಿಸಿದ ಟಿಪ್ ಮತ್ತು ಧಾರಾಳ ಫ್ಲಕ್ಸ್ (ಸೀಸ ಚೆನ್ನಾಗಿ ಹರಿದು ಹಿಡಿಯಲಿ ಅಂತ ಹಚ್ಚುವ ಪದಾರ್ಥ) ಇದ್ದರೆ ಕಷ್ಟವಿಲ್ಲ. ಮೊದಲು ಒಂದು ಮೂಲೆಯ ಪಿನ್ ಹಿಡಿಸಿ, ನೇರ ಕೂತಿದೆಯಾ ನೋಡಿ, ಆಮೇಲೆ ಎದುರು ಮೂಲೆ. ಎರಡು ಮೂಲೆ ಹಿಡಿದ ಮೇಲೆ ಸಾಲಿಗೆ ಫ್ಲಕ್ಸ್ ಹಚ್ಚಿ, ಟಿಪ್ಪಿಗೆ ಸ್ವಲ್ಪ ಸೀಸ ತೆಗೆದುಕೊಂಡು ಒಂದೊಂದೇ ಪಿನ್ ಮುಟ್ಟುತ್ತಾ ಎಳೆದರೆ ತಾನಾಗಿಯೇ ಹಂಚಿಕೊಳ್ಳುತ್ತದೆ. ಎರಡು ಪಿನ್ ಕೂಡಿಕೊಂಡರೆ ಗಾಬರಿ ಬೇಡ, ಇನ್ನಷ್ಟು ಫ್ಲಕ್ಸ್ ಹಚ್ಚಿ ಟಿಪ್ ಒರೆಸಿ ಮತ್ತೊಮ್ಮೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಮಾಡ್ಯೂಲಿನ ಹೊಟ್ಟೆಯ ಕೆಳಗೆ ಒಂದು ದೊಡ್ಡ ಗ್ರೌಂಡ್ ಪ್ಯಾಡ್ ಇದೆ, ಐರನ್ನಿಗೆ ಅದು ಸಿಗುವುದಿಲ್ಲ. ನಾನು ಅದನ್ನು ಹಾಗೇ ಬಿಟ್ಟೆ. ಅಂಚಿನ ಗ್ರೌಂಡ್ ಪಿನ್ನುಗಳು ಸರಿಯಾಗಿ ಹಿಡಿದಿದ್ದರೆ, ಬಹುಪಾಲು ನಿದ್ದೆಯಲ್ಲೇ ಇರುವ ವೆದರ್ ಸ್ಟೇಷನ್ನಿಗೆ ಅದರಿಂದ ತೊಂದರೆ ಇಲ್ಲ.

ಈ ಐರನ್ನಿನಲ್ಲಿ ಆಗದ ಕೆಲಸವೂ ಇದೆ, ಅದನ್ನೂ ಹೇಳಬೇಕು. ಗಾಳಿಯ ಒತ್ತಡ, ಉಷ್ಣತೆ, ತೇವಾಂಶ ಮೂರನ್ನೂ ಅಳೆಯುವ ಬಾಷ್ ಕಂಪನಿಯ ಬಿಎಂಇ280 ಸೆನ್ಸರ್ ಇದೆಯಲ್ಲ, ಅದು ಎರಡೂವರೆ ಮಿಲಿಮೀಟರ್ ಚೌಕದ ಚಿಪ್. ಅದರ ಎಂಟು ಪ್ಯಾಡುಗಳೂ ಅಡಿಯಲ್ಲಿವೆ. ಯಾವ ಐರನ್ನಿನಿಂದಲೂ ಅದನ್ನು ಸರಿಯಾಗಿ ಬೆಸೆಯಲು ಆಗುವುದಿಲ್ಲ. ಬಿಸಿ ಗಾಳಿಯ ಯಂತ್ರ ಅಥವಾ ಬಿಸಿ ತಟ್ಟೆ ಬೇಕು. ಅದಿಲ್ಲದವರು ಮೊದಲೇ ಚಿಪ್ ಕೂರಿಸಿದ ಸಣ್ಣ ಬೋರ್ಡ್ ತೆಗೆದುಕೊಂಡು, ಅದಕ್ಕೆ ಪಿನ್ ಹೆಡರ್ (ಪಿನ್ನುಗಳ ಸಾಲು) ಮಾತ್ರ ಬೆಸೆಯುವುದು ಒಳ್ಳೆಯದು. ನಾನು ಮಾಡಿದ್ದೂ ಅದನ್ನೇ.

ಆ ಪಿನ್ ಹೆಡರ್ ಬೆಸೆಯುವಾಗಲೂ ಎಚ್ಚರ ಬೇಕು. ಚಿಪ್ಪಿನ ಲೋಹದ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿದೆ. ಸೆನ್ಸರ್ ಉಸಿರಾಡುವುದು ಅದರಿಂದಲೇ. ಫ್ಲಕ್ಸ್ ಸಿಡಿದು ಅದರೊಳಗೆ ಹೋದರೆ ತೇವಾಂಶದ ಅಳತೆ ಕೆಟ್ಟಹಾಗೆ. ಬೆಸೆಯುವ ಮೊದಲು ಕ್ಯಾಪ್ಟನ್ (Kapton) ಟೇಪಿನ ಚೂರು ಅಂಟಿಸಿ, ಶಾಖಕ್ಕೆ ಅದು ಕರಗುವುದಿಲ್ಲ. ಮುಗಿದ ಮೇಲೆ ಮರೆಯದೆ ತೆಗೆಯಿರಿ. ಮತ್ತೊಂದು ವಿಷಯ, ಬೋರ್ಡ್ ತೊಳೆಯುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಈ ಸೆನ್ಸರ್ ಹತ್ತಿರ ತರಲೇಬೇಡಿ. ಹಾಗಾಗಿ ಸೆನ್ಸರ್ ಬೋರ್ಡನ್ನು ಕೊನೆಗೆ ಜೋಡಿಸುವುದು ಜಾಣತನ. ಬೆಸುಗೆಯ ಶಾಖ ತಗುಲಿದ ಮೇಲೆ ತೇವಾಂಶದ ಓದು ಸ್ವಲ್ಪ ಆಚೀಚೆ ತೋರಿಸಬಹುದು. ಸಾಮಾನ್ಯ ಗಾಳಿಯಲ್ಲಿ ಕೆಲವು ದಿನ ಇಟ್ಟರೆ ತಾನಾಗಿ ಸರಿಹೋಗುತ್ತದೆ, ಅದೇ ದಿನ ಸೆನ್ಸರ್ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಅದರ ಅಳತೆಯೇ ಶೇಕಡಾ 3 ಹೆಚ್ಚುಕಮ್ಮಿ ಅನ್ನುವ ಮಿತಿಯದ್ದು.

ಸೆನ್ಸರನ್ನು ಇಎಸ್‌ಪಿ32 ಇರುವ ಬೋರ್ಡಿನ ಮೇಲೇ ಕೂರಿಸಬೇಡಿ. ವೈಫೈ ಕೆಲಸ ಮಾಡುವಾಗ ಆ ಮಾಡ್ಯೂಲ್ ಬಿಸಿಯಾಗುತ್ತದೆ. ಆ ಶಾಖ ತಾಮ್ರದ ಮೂಲಕ ಸೆನ್ಸರಿಗೆ ಹೋಗಿ, ಹೊರಗಿನ ಉಷ್ಣತೆಯ ಬದಲು ನಿಮ್ಮ ಬೋರ್ಡಿನ ಉಷ್ಣತೆ ತೋರಿಸುತ್ತದೆ. ನಾಲ್ಕು ತಂತಿಯಲ್ಲಿ ಹೊರಗೆ ಎಳೆದು, ಗಾಳಿ ಆಡುವ ಬಿಳಿ ತಟ್ಟೆಗಳ ಗೂಡಿನಲ್ಲಿ ಇಡಿ. ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳುತ್ತದೆ.

ನನಗೆ ಈ ಐರನ್ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಾನು ಊಹಿಸದ ಒಂದು ಕೆಲಸದಲ್ಲಿ. ಬೆಸೆಯುವುದಲ್ಲ, ಬಿಡಿಸುವುದು. ಮೊದಲ ಸ್ಟೇಷನ್ನಿನಲ್ಲಿ ರೆಡಿಮೇಡ್ ಡೆವಲಪ್‌ಮೆಂಟ್ ಬೋರ್ಡ್ ಹಾಕಿದ್ದೆ. ಇಎಸ್‌ಪಿ32 ಚಿಪ್ ಆಳದ ನಿದ್ದೆಯಲ್ಲಿ ಕುಡಿಯುವುದು ಸುಮಾರು 10 ಮೈಕ್ರೊ ಆಂಪಿಯರ್. ಆದರೆ ಅಂಥ ಅನೇಕ ಬೋರ್ಡುಗಳಲ್ಲಿ ಇರುವ ಎಎಂಎಸ್1117 ರೆಗ್ಯುಲೇಟರ್ (ಚಿಪ್ಪಿಗೆ ಬೇಕಾದಷ್ಟಕ್ಕೆ ವೋಲ್ಟೇಜ್ ಇಳಿಸುವ ಬಿಡಿಭಾಗ) ಏನೂ ಕೆಲಸ ಮಾಡದೆ ಸುಮ್ನೆ ಇರುವುದಕ್ಕೇ ಸುಮಾರು 5 ಮಿಲಿ ಆಂಪಿಯರ್ ತಿನ್ನುತ್ತದೆ. ಅಂದರೆ ಚಿಪ್ಪಿನ ಐನೂರು ಪಟ್ಟು. ದಿನಕ್ಕೆ 120 ಮಿಲಿ ಆಂಪಿಯರ್ ಅವರ್ ಆಯಿತು. 2400ರ ಬ್ಯಾಟರಿ ಇಪ್ಪತ್ತು ದಿನಕ್ಕೆ ಖಾಲಿ, ಅದೂ ಒಂದೇ ಒಂದು ಅಳತೆ ಕಳಿಸದೆ. ಜೊತೆಗೆ ಯಾವಾಗಲೂ ಉರಿಯುವ ಕೆಂಪು ದೀಪ ಬೇರೆ. ಸೋಲಾರ್ ಪ್ಯಾನಲ್ ಇದ್ದರೂ ಮೋಡ ಕವಿದ ವಾರಗಳಲ್ಲಿ ಸ್ಟೇಷನ್ ಮಲಗಿಬಿಡುತ್ತಿದ್ದುದಕ್ಕೆ ಕಾರಣ ಇದೇ ಆಗಿತ್ತು.

ದೀಪ ತೆಗೆಯುವುದು ಸುಲಭ. ಎರಡು ಕಡೆಯೂ ಸೀಸ ಹಚ್ಚಿ ಅಗಲ ಟಿಪ್ಪನ್ನು ಅಡ್ಡ ಇಟ್ಟರೆ ಜಾರಿ ಬರುತ್ತದೆ. ರೆಗ್ಯುಲೇಟರ್ ಹಾಗಲ್ಲ. ಮೂರು ಸಣ್ಣ ಕಾಲು, ಹಿಂದೆ ತಾಮ್ರದ ಹಾಳೆಗೆ ಅಂಟಿದ ಒಂದು ಅಗಲ ನಾಲಿಗೆ. ಹಳೆಯ ಐರನ್ನಿನಲ್ಲಿ ಆ ನಾಲಿಗೆ ಮಿಸುಕಲೂ ಇಲ್ಲ. ಪೈನ್‌ಸಿಲ್‌ನಲ್ಲಿ ಕೆಲಸದ ಮಧ್ಯೆ ಮುಂದಿನ ಗುಂಡಿ ಒತ್ತಿ ಹಿಡಿದರೆ ಬೂಸ್ಟ್ ಶುರುವಾಗುತ್ತದೆ, ಸೆಟ್ಟಿಂಗ್ ಮುಟ್ಟದಿದ್ದರೆ 420 ಡಿಗ್ರಿಗೆ ಹೋಗುತ್ತದೆ, ಬೆರಳು ತೆಗೆದರೆ ಮೊದಲಿದ್ದ ಡಿಗ್ರಿಗೆ ವಾಪಸ್. ನಾಲಿಗೆಗೆ ಹೊಸ ಸೀಸ ತುಂಬಿಸಿ, ಐದಾರು ಸೆಕೆಂಡ್ ಬೂಸ್ಟ್ ಹಿಡಿದು, ಇಕ್ಕಳದಿಂದ ಮೆಲ್ಲಗೆ ಎತ್ತಿದೆ. ಬಂತು. ಪ್ಯಾಡ್ ಕೂಡ ಉಳಿಯಿತು. ಬಲ ಹಾಕಿ ಎಳೆಯಬಾರದು, ಸೀಸ ಕರಗಿದ್ದರೆ ಅದು ತಾನಾಗಿ ಬರಬೇಕು. ಸುಮ್ಮನಿರುವಾಗ ಕೆಲವೇ ಮೈಕ್ರೊ ಆಂಪಿಯರ್ ತಿನ್ನುವ ರೆಗ್ಯುಲೇಟರನ್ನು ಅದರ ಜಾಗಕ್ಕೆ ಹಾಕಿದೆ, ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಒಂದನ್ನು ಇಟ್ಟೆ. ವೈಫೈ ಎದ್ದಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಅದು ಬೇಕು.

ಬೂಸ್ಟ್ ಇದೆ ಅಂತ ಅದನ್ನೇ ಬಳಸುತ್ತಾ ಕೂರಬೇಡಿ. ಅಷ್ಟು ಶಾಖಕ್ಕೆ ಟಿಪ್ ಬೇಗ ಕಪ್ಪಾಗುತ್ತದೆ, ಕಪ್ಪಾದ ಟಿಪ್ಪಿಗೆ ಸೀಸ ಹಿಡಿಯುವುದಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ ಹಾಗೇ ಇಡಬಾರದು. ಪಾತ್ರೆಗೆ ಕಲಾಯಿ ಹಾಕಿದ ಹಾಗೆ ತುದಿಗೆ ಸೀಸ ಹಚ್ಚಿ ಆರಿಸಬೇಕು. ಒರೆಸಲು ಹಿತ್ತಾಳೆ ನಾರು ಒಳ್ಳೆಯದು. ಒದ್ದೆ ಸ್ಪಂಜಿನಲ್ಲಿ ಪ್ರತಿ ಸಲ ತುದಿ ತಣ್ಣಗಾಗುತ್ತದೆ.

ಸೀಸದ ತಂತಿ ಯಾವುದು ಅಂತ ಕೇಳಿದರೆ, ಕಲಿಯುವವರಿಗೆ 63/37. ಅಂದರೆ 63 ಭಾಗ ತವರ, 37 ಭಾಗ ಸೀಸ. ಇದು 183 ಡಿಗ್ರಿಗೆ ಒಮ್ಮೆಲೇ ಕರಗಿ, ಆರುವಾಗಲೂ ಒಮ್ಮೆಲೇ ಗಟ್ಟಿಯಾಗುತ್ತದೆ. ಮಧ್ಯದಲ್ಲಿ ಗಂಜಿಯಂಥ ಸ್ಥಿತಿ ಇಲ್ಲ, ಹಾಗಾಗಿ ಆರುವಾಗ ಕೈ ಅಲುಗಿ ಬೆಸುಗೆ ಕೆಡುವ ಸಂಭವ ಕಡಿಮೆ. ಸೀಸವಿಲ್ಲದ ಎಸ್‌ಎಸಿ305 ಕರಗುವುದು 217 ಡಿಗ್ರಿಯಿಂದ ಮೇಲೆ. ಅದಕ್ಕೆ ಐರನ್ನನ್ನು 20-30 ಡಿಗ್ರಿ ಹೆಚ್ಚು ಇಡಬೇಕು. ಅದರ ಬೆಸುಗೆ ಸ್ವಲ್ಪ ಮಂಕಾಗಿಯೇ ಕಾಣುತ್ತದೆ, ಮಂಕಾಗಿದೆ ಅಂತ ಕೆಟ್ಟದ್ದಲ್ಲ. 0.8 ಮಿಲಿಮೀಟರ್ ದಪ್ಪ ಸಾಕು. ಸೀಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮೇಜಿನ ಮೇಲೆ ಏನೂ ತಿನ್ನಬೇಡಿ. ಏಳುವ ಹೊಗೆ ಸೀಸದ್ದಲ್ಲ, ಫ್ಲಕ್ಸಿನದ್ದು. ಆದರೂ ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಉಬ್ಬಸ ತರಿಸಬಲ್ಲದು. ಹೊಗೆಯನ್ನು ಮುಖದಿಂದ ಆಚೆಗೆ ಎಳೆಯುವ ಹಾಗೆ ಒಂದು ಸಣ್ಣ ಫ್ಯಾನ್ ಇಟ್ಟುಕೊಳ್ಳಿ.

ಇನ್ನು ಫ್ಲಕ್ಸ್ ತೊಳೆಯುವ ವಿಷಯ. ಇದು ಐರನ್ನಿನ ವಿಮರ್ಶೆಯೇ, ಆದರೆ ಇದನ್ನು ಹೇಳದೆ ಬಿಟ್ಟರೆ ಎಷ್ಟು ಒಳ್ಳೆಯ ಐರನ್ ಇದ್ದೂ ಏನೂ ಉಪಯೋಗವಿಲ್ಲ. ನನ್ನ ಎರಡನೆಯ ಬೋರ್ಡಿನಲ್ಲಿ ಬೆಸುಗೆಗಳೆಲ್ಲ ಅಚ್ಚುಕಟ್ಟಾಗಿದ್ದವು, ಫ್ಲಕ್ಸ್ ಮಾತ್ರ ಹಾಗೇ ಬಿಟ್ಟಿದ್ದೆ. ತೇವದ ರಾತ್ರಿಗಳಲ್ಲಿ ಬ್ಯಾಟರಿ ವೋಲ್ಟೇಜ್ ಏಕಾಏಕಿ ಇಳಿದ ಹಾಗೆ ತೋರಿಸುತ್ತಿತ್ತು, ಬೆಳಗಾದರೆ ಸರಿ. ಬ್ಯಾಟರಿ ಅಳೆಯಲು ನಾನು ಬಳಸಿದ್ದು ಒಂದೊಂದು ಮೆಗಾ ಓಮಿನ ಎರಡು ರೆಸಿಸ್ಟರ್, ಕರೆಂಟ್ ಉಳಿಯಲಿ ಅಂತ. ಅಷ್ಟು ದೊಡ್ಡ ರೆಸಿಸ್ಟರ್ ಪಕ್ಕದಲ್ಲಿ ತೇವ ಕುಡಿದ ಫ್ಲಕ್ಸಿನ ಪದರ ಇದ್ದರೆ ಅದೇ ಇನ್ನೊಂದು ರೆಸಿಸ್ಟರ್ ಆಗಿಬಿಡುತ್ತದೆ, ಕರೆಂಟ್ ಅದರಲ್ಲಿ ಸೋರುತ್ತದೆ. ಕೆಳಗಿನ ರೆಸಿಸ್ಟರ್ ಸುತ್ತ ಹಾಗೆ ಸೋರಿದ್ದರಿಂದಲೇ ಓದು ಕಡಿಮೆ ಬರುತ್ತಿತ್ತು. ಬ್ರಷ್ ಮತ್ತು ಆಲ್ಕೊಹಾಲ್ ಹಾಕಿ ಉಜ್ಜಿ ತೊಳೆದ ರಾತ್ರಿಯಿಂದಲೇ ಓದು ನೆಟ್ಟಗಾಯಿತು.

ಇದು ಬರೀ ತಪ್ಪು ಓದಿನ ಪ್ರಶ್ನೆಯೂ ಅಲ್ಲ. ತೇವ, ಕೊಳೆ, ವೋಲ್ಟೇಜ್ ಮೂರೂ ಒಂದೆಡೆ ಸೇರಿದರೆ ಒಂದು ಪ್ಯಾಡಿನಿಂದ ಇನ್ನೊಂದಕ್ಕೆ ಲೋಹ ಬೇರಿನ ಹಾಗೆ ಬೆಳೆಯುತ್ತದೆ, ಕೊನೆಗೆ ಶಾರ್ಟ್ ಆಗುತ್ತದೆ. ನೀರಿನಲ್ಲಿ ಕರಗುವ ಫ್ಲಕ್ಸ್ ಬಳಸಿದ್ದರೆ ತೊಳೆಯಲೇಬೇಕು, ಅದು ತಾಮ್ರ ತಿನ್ನುತ್ತದೆ. ಪೈಪು ಬೆಸೆಯುವ ಆಸಿಡ್ ಫ್ಲಕ್ಸನ್ನಂತೂ ಬೋರ್ಡಿನ ಹತ್ತಿರವೂ ತರಬೇಡಿ. ತೊಳೆಯುವುದು ಬೇಡ ಅಂತ ಬರೆದು ಮಾರುವ ಫ್ಲಕ್ಸ್ ಇದೆಯಲ್ಲ, ಒಳಗಿಡುವ ಬೋರ್ಡಿಗೆ ಅದು ಸರಿ. ಹೊರಗಿಡುವ ಬೋರ್ಡಿನಲ್ಲಿ ನಾನು ಅದನ್ನೂ ತೊಳೆಯುತ್ತೇನೆ. ತೊಳೆದು ಪೂರ್ತಿ ಒಣಗಿಸಿದ ಮೇಲೆ ಅಕ್ರಿಲಿಕ್ ಲೇಪನ ಹೊಡೆಯಿರಿ. ಸೆನ್ಸರ್, ಕನೆಕ್ಟರ್, ಗುಂಡಿಗಳನ್ನು ಟೇಪಿನಿಂದ ಮುಚ್ಚಿ ಆಮೇಲೆ ಹೊಡೆಯಬೇಕು. ಅಕ್ರಿಲಿಕ್ ಯಾಕೆ ಅಂದರೆ, ಮುಂದೆ ಏನಾದರೂ ರಿಪೇರಿ ಬಂದರೆ ಅದರ ಮೇಲಿಂದಲೇ ಐರನ್ ಇಟ್ಟು ಬೆಸೆಯಬಹುದು.

ರಿಪೇರಿ ಅಂದಾಗ ನೆನಪಾಯಿತು. ಕಂಬದ ಹತ್ತಿರ ಪ್ಲಗ್ ಇರುವುದಿಲ್ಲ ಅಲ್ವಾ? ಈ ಐರನ್ 20 ವೋಲ್ಟ್ ಕೊಡುವ ಪವರ್ ಬ್ಯಾಂಕಿನಲ್ಲೂ ನಡೆಯುತ್ತದೆ. ಗಾಳಿಯ ವೇಗ ಅಳೆಯುವ ಬಟ್ಟಲುಗಳ ತಂತಿ ಕಿತ್ತು ಬಂದಾಗ ಪವರ್ ಬ್ಯಾಂಕ್ ಜೇಬಿಗೆ ಹಾಕಿಕೊಂಡು ಏಣಿ ಹತ್ತಿ ಅಲ್ಲೇ ಬೆಸೆದು ಬಂದೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಕಾಯುತ್ತದೆ, ಹಾಗಾಗಿ ಏಣಿಯ ಮೇಲೆ ಕಾಯುತ್ತಾ ನಿಲ್ಲಬೇಕಾಗಿಲ್ಲ. ಒಳಗೆ ಅಲುಗಾಟ ಗುರುತಿಸುವ ಸೆನ್ಸರ್ ಇದೆ, ಕೆಳಗಿಟ್ಟು ಸ್ವಲ್ಪ ಹೊತ್ತಾದರೆ ತಾನೇ ಶಾಖ ಇಳಿಸಿಕೊಳ್ಳುತ್ತದೆ, ಕೈಗೆತ್ತಿಕೊಂಡರೆ ಮತ್ತೆ ಏರುತ್ತದೆ. ಟಿಪ್ಪಿನ ಆಯಸ್ಸಿಗೂ ಇದು ಒಳ್ಳೆಯದು, ಮನೆಯಲ್ಲಿ ಮಕ್ಕಳಿದ್ದರೆ ಮನಸ್ಸಿಗೂ ಸಮಾಧಾನ. ಎಷ್ಟು ಹೊತ್ತಿಗೆ ಮಲಗಬೇಕು, ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದನ್ನೆಲ್ಲ ಸೆಟ್ಟಿಂಗಿನಲ್ಲಿ ಬದಲಿಸಬಹುದು. ಇದರಲ್ಲಿ ಓಡುವ ಐರನ್‌ಓಎಸ್ ಮುಕ್ತ ಸಾಫ್ಟ್‌ವೇರ್, ಹೊಸ ಆವೃತ್ತಿ ಬಂದಾಗ ಯುಎಸ್‌ಬಿಯಿಂದಲೇ ಹಾಕಿಕೊಳ್ಳಬಹುದು. ತಾನೇ ಸ್ಟೇಷನ್ ಕಟ್ಟಿ ತಾನೇ ಕೋಡ್ ಬರೆಯುವವರಿಗೆ ಇಂಥ ಸಾಧನ ಕೈಯಲ್ಲಿದ್ದರೆ ಒಂದು ಬಗೆಯ ತೃಪ್ತಿ.

ಕೊರತೆಗಳೂ ಇವೆ. ಸ್ಟ್ಯಾಂಡ್ ಜೊತೆಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು, ಕೊಳ್ಳದೆ ಬಳಸಬೇಡಿ. ಪರದೆ ಬಹಳ ಚಿಕ್ಕದು, ಕನ್ನಡಕ ಹಾಕುವವರಿಗೆ ಮೆನು ಓದುವುದು ಕಷ್ಟ. ಎರಡೇ ಗುಂಡಿಯಲ್ಲಿ ಅಷ್ಟೂ ಮೆನು ದಾಟಬೇಕು. ಟಿಪ್ ಬದಲಿಸಲು ಸಣ್ಣ ಸ್ಕ್ರೂ ಸಡಿಲಿಸಬೇಕು, ಅದಕ್ಕೆ ಟಿಪ್ ಪೂರ್ತಿ ಆರುವವರೆಗೆ ಕಾಯಬೇಕು. ಒಂದೇ ಕೂತಿಗೆ ಮೂರು ಟಿಪ್ ಬದಲಿಸುವವರಿಗೆ ಇದು ಬೇಸರ ತರಿಸುತ್ತದೆ. ನಾನು ಮೊದಲು ಅಗಲ ಟಿಪ್ಪಿನ ಕೆಲಸವೆಲ್ಲ ಮುಗಿಸಿ, ಆಮೇಲೆ ಓರೆ ಟಿಪ್ ಹಾಕುತ್ತೇನೆ. ಈಗಾಗಲೇ ನಿಮ್ಮ ಮೇಜಿನ ಮೇಲೆ ಶಾಖ ನಿಯಂತ್ರಣ ಇರುವ ಒಳ್ಳೆಯ ಸೋಲ್ಡರಿಂಗ್ ಸ್ಟೇಷನ್ ಇದ್ದರೆ ಇದರಿಂದ ಬೆಸುಗೆಯ ಗುಣ ಹೆಚ್ಚೇನೂ ಬದಲಾಗುವುದಿಲ್ಲ, ಕಂಬದ ಹತ್ತಿರ ಒಯ್ಯಲು ಮಾತ್ರ ಅನುಕೂಲ. ಬೆಸೆಯುವುದೇ ಬೇಡ, ಬ್ರೆಡ್‌ಬೋರ್ಡಿನಲ್ಲೇ ತಂತಿ ಚುಚ್ಚಿ ಹೊರಗಿಡುತ್ತೇನೆ ಅನ್ನುವವರಿಗೆ ನನ್ನ ಕಳಕಳಿಯ ಮಾತು, ಹಾಗೆ ಮಾಡಬೇಡಿ. ಚುಚ್ಚಿದ ತಂತಿ ತೇವಕ್ಕೆ ಕಿಲುಬು ಹಿಡಿಯುತ್ತದೆ. ಯಾವ ತಂತಿಯಲ್ಲಿ ದೋಷ ಅಂತ ಹುಡುಕುವ ಹೊತ್ತಿಗೆ ಬೋರ್ಡನ್ನೇ ಬೆಸೆದು ಮುಗಿಸಬಹುದು.

ಒಂದು ಸಣ್ಣ ಮಾತು ಉಳಿದಿದೆ. ಮಳೆ ಮಾಪಕದಲ್ಲಿ ಇರುವುದು ರೀಡ್ ಸ್ವಿಚ್, ಗಾಜಿನ ಕೊಳವೆಯೊಳಗೆ ಎರಡು ಲೋಹದ ಪಟ್ಟಿ. ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಅಯಸ್ಕಾಂತ ಹಾದುಹೋಗಿ ಅದು ಕೂಡುತ್ತದೆ. ಹೆಚ್ಚಾಗಿ ಸಿಗುವ ಮಾಪಕದಲ್ಲಿ ಒಂದು ಮಗುಚುವಿಕೆ ಅಂದರೆ 0.2794 ಮಿಲಿಮೀಟರ್ ಮಳೆ. ಈ ಸ್ವಿಚ್ಚಿನ ಕಾಲನ್ನು ಗಾಜಿನ ಹತ್ತಿರವೇ ಮಡಿಸಿದರೆ ಗಾಜು ಬಿರುಕು ಬಿಡುತ್ತದೆ. ಗಾಜಿನ ಪಕ್ಕದ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡು ಆಚೆಯ ಭಾಗ ಮಡಿಸಿ, ಬೆಸೆಯುವಾಗಲೂ ಇಕ್ಕಳ ಹಾಗೇ ಇರಲಿ, ಶಾಖ ಅದಕ್ಕೆ ಹೋಗುತ್ತದೆ. 340 ಡಿಗ್ರಿ, ಅಗಲ ಟಿಪ್, ಎರಡು ಸೆಕೆಂಡ್. ಇಲ್ಲಿ ಬೂಸ್ಟ್ ಬೇಡವೇ ಬೇಡ.

ಮೂರನೆಯ ಬೋರ್ಡ್ ಈಗ ಒಂದು ಇಡೀ ಮಳೆಗಾಲ ಕಳೆದಿದೆ. ಮಧ್ಯೆ ಒಮ್ಮೆ ಡಬ್ಬ ಬಿಚ್ಚಿ ಭೂತಗನ್ನಡಿಯಲ್ಲಿ ಗ್ರೌಂಡ್ ಪಿನ್ನುಗಳನ್ನು ಒಂದೊಂದಾಗಿ ನೋಡಿದೆ. ಬಿರುಕಿಲ್ಲ, ಹಸಿರು ಕಿಲುಬಿಲ್ಲ. ಮೈನಸ್ 127 ಒಮ್ಮೆಯೂ ಬಂದಿಲ್ಲ. ಈಗ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಅಂತ ತೋರಿಸುವ ಬಾಣದ ಬೋರ್ಡ್ ಕೈಯಲ್ಲಿದೆ, ಎಂಟು ರೀಡ್ ಸ್ವಿಚ್, ಎಂಟು ರೆಸಿಸ್ಟರ್. ಈ ಸಲ ಗ್ರೌಂಡ್ ಪ್ಯಾಡುಗಳಿಗೆಲ್ಲ ನಾಲ್ಕು ಕಡ್ಡಿ ಬಿಟ್ಟೇ ಡಿಸೈನ್ ಮಾಡಿದ್ದೇನೆ.